ಮನೆಗೆ ಬರುವ ನರ್ಸ್: ಸಂಬಳ ಕೊಟ್ಟವರು ಯಾರು?

ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಸ್ಟಾಫ್ ರೂಮುಗಳಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಡಿ.ಎ. ಬಾಕಿಯ ಮಾತು ಬರುವುದು ಮಾಮೂಲು. ಈಚೆಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ನಿಮಗೆ ಗೊತ್ತಿರುವ ಒಳ್ಳೆ ಹೋಂ ನರ್ಸ್ ಯಾರಾದರೂ ಇದ್ದಾರಾ?" ಕೇಳಿದವರ ಮನೆಯಲ್ಲಿ ಅತ್ತೆಗೋ ಅಪ್ಪನಿಗೋ ಪಾರ್ಶ್ವವಾಯು ಬಡಿದಿರುತ್ತದೆ, ಅಥವಾ ಸೊಂಟದ ಎಲುಬು ಮುರಿದಿರುತ್ತದೆ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದಿರುತ್ತಾರೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮಕ್ಕಳಿಗೆ ಶಾಲೆ. ಮುಂದೆ ಏನು?

ಹೋಂ ನರ್ಸ್ ಅನ್ನುವುದು ನಿನ್ನೆ ಮೊನ್ನೆ ಹುಟ್ಟಿದ ವ್ಯವಸ್ಥೆ, ಕೂಡುಕುಟುಂಬ ಒಡೆದದ್ದರ ಫಲ ಎಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಕೂಲಿ ಕೊಟ್ಟು ರೋಗಿಯ ಹತ್ತಿರ ಜನ ಇಡುವ ಪದ್ಧತಿ ಆಸ್ಪತ್ರೆಗಿಂತ ಬಹಳ ಹಳೆಯದು. ಕಾಲಕಾಲಕ್ಕೆ ಬದಲಾದದ್ದು ಕೂಲಿ ಕೊಡುವವರು ಯಾರು, ಎಷ್ಟು ಗಂಟೆಗೆ ಕೊಡುತ್ತಾರೆ ಎನ್ನುವುದು ಮಾತ್ರ. ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ನಾಲ್ಕು ಗುಣ ಇರಬೇಕು: ಉಪಚಾರದ ತಿಳಿವಳಿಕೆ, ಕೆಲಸದಲ್ಲಿ ಚುರುಕು, ಒಡೆಯನ ಮೇಲೆ ಪ್ರೀತಿ, ಶುಚಿತ್ವ. ಇವತ್ತಿನ ನರ್ಸಿಂಗ್ ಪುಸ್ತಕದಲ್ಲಿ ಹಾಕಿದರೂ ನಡೆಯುತ್ತದೆ! ಆದರೆ "ಒಡೆಯ" ಎಂಬ ಮಾತನ್ನು ಗಮನಿಸಿ. ಅಲ್ಲಿ ಪರಿಚಾರಕ ಎಂದರೆ ಮನೆಯ ಆಳು. ಊಟ ಬಟ್ಟೆಯ ಮೇಲೆ ಇರುವವನು.

ಚರಕ ರೋಗಿಗೂ ನಾಲ್ಕು ಗುಣ ಹೇಳುತ್ತಾನೆ: ನೆನಪಿನ ಶಕ್ತಿ, ಹೇಳಿದಂತೆ ಕೇಳುವುದು, ಧೈರ್ಯ, ತನ್ನ ನೋವನ್ನು ಬಿಡಿಸಿ ಹೇಳುವುದು. ಕೆಲವು ಶತಮಾನಗಳ ನಂತರ ಅಷ್ಟಾಂಗ ಹೃದಯ ಬರೆದ ವಾಗ್ಭಟ ಈ ಪಟ್ಟಿಯನ್ನು ಸ್ವಲ್ಪ ಬದಲಿಸಿದ. ಅವನ ಪಟ್ಟಿಯಲ್ಲಿ ರೋಗಿಯ ಮೊದಲ ಗುಣ "ಆಢ್ಯ", ಅಂದರೆ ಹಣವಂತನಾಗಿರುವುದು. ಕೇರಳದ ಅಷ್ಟವೈದ್ಯ ಮನೆತನಗಳು ತಲೆತಲಾಂತರದಿಂದ ಬಾಯಿಪಾಠ ಮಾಡಿಕೊಂಡು ಬಂದದ್ದು ವಾಗ್ಭಟನ ಗ್ರಂಥವನ್ನೇ. ವಾಗ್ಭಟನನ್ನು ದೂರಬೇಕಾಗಿಲ್ಲ, ಆತ ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾನೆ. ದೀರ್ಘ ಕಾಲದ ಆರೈಕೆಗೆ ದುಡ್ಡು ಬೇಕು ಎಂಬ ಸತ್ಯವನ್ನು ಅಷ್ಟು ನೇರವಾಗಿ ಹೇಳಿದ ಇನ್ನೊಂದು ಹಳೆಯ ಪುಸ್ತಕ ನನಗೆ ನೆನಪಾಗುವುದಿಲ್ಲ.

ನಮ್ಮ ತುಳುನಾಡಿನಲ್ಲೇ ಇದರ ಇನ್ನೊಂದು ರೂಪ ಇತ್ತು. ಬಾಣಂತನ. ಹೆರಿಗೆಯಾದ ಮನೆಗೆ ಮೀಯಿಸುವ ಹೆಂಗಸು ಬರುತ್ತಿದ್ದಳು. ಎಣ್ಣೆ ಹಚ್ಚುವುದು, ಹಂಡೆ ಬಿಸಿನೀರಿನ ಸ್ನಾನ, ಮಗುವನ್ನು ಕಾಲಮೇಲೆ ಮಲಗಿಸಿ ಮೀಯಿಸುವುದು, ಬಟ್ಟೆ ಒಗೆಯುವುದು, ಹೊಗೆ ಹಾಕುವುದು. ಮನೆಯ ಅನುಕೂಲ ನೋಡಿಕೊಂಡು ನಲವತ್ತು ದಿನದವರೆಗೆ. ಕೊಡುತ್ತಿದ್ದದ್ದು ಅಕ್ಕಿ, ತೆಂಗಿನಕಾಯಿ, ಎಣ್ಣೆ, ಕೊನೆಯ ದಿನ ಒಂದು ಸೀರೆ. ಸಂಬಳ ಎಂಬ ಹೆಸರು ಅದಕ್ಕೆ ಇರಲಿಲ್ಲ. ಮಗುವಿನ ಹೊಕ್ಕುಳ ಬಳ್ಳಿ ಕತ್ತರಿಸಿದ ಕೈಗೆ, ಬಾಣಂತನ ಮುಗಿದ ಮೇಲೆ ಅನೇಕ ಮನೆಗಳಲ್ಲಿ ಜಗಲಿಯಿಂದ ಒಳಗೆ ಪ್ರವೇಶ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಆಂಧ್ರ ಗಡಿಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಸಾವಿರಾರು ಹೆರಿಗೆಗಳನ್ನು ಅವರು ಹಣ ತೆಗೆದುಕೊಳ್ಳದೆ ಮಾಡಿಸಿದ್ದರು. ದೊಡ್ಡ ಜೀವ, ಸಂಶಯವಿಲ್ಲ. ಆದರೆ ನಮ್ಮ ಸಮಾಜ ಆರೈಕೆಯ ಕೆಲಸಕ್ಕೆ ಹಾರ ಹಾಕುವುದು ಹಣ ಬೇಡ ಅಂದವರಿಗೆ. ಹಣ ಕೇಳಿದವರಿಗೆ "ದುಡ್ಡಿಗಾಗಿ ಮಾಡುವವಳು" ಎಂಬ ಮಾತು ಸಿಗುತ್ತದೆ. ಈ ಗುಣ ನಮ್ಮದು ಮಾತ್ರ ಅಲ್ಲ, ಎಲ್ಲ ಕಡೆಯದ್ದು.

ಇಂಗ್ಲೆಂಡಿನ ಉದಾಹರಣೆ ನೋಡಿ. ಚಾರ್ಲ್ಸ್ ಡಿಕನ್ಸ್ 1843-44ರಲ್ಲಿ ಬರೆದ ಮಾರ್ಟಿನ್ ಚಜಲ್‌ವಿಟ್ ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಎಂಬ ಹೆಂಗಸು ಬರುತ್ತಾಳೆ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವುದು, ಹೆರಿಗೆ ಮಾಡಿಸುವುದು, ಹೆಣಕ್ಕೆ ಸ್ನಾನ ಮಾಡಿಸುವುದು ಅವಳ ಕಸುಬು. ಯಾವಾಗಲೂ ಕುಡಿತ. ಓದುಗರು ನಕ್ಕರು, ಮನೆಗೆ ಬರುವ ದಾದಿ ಅಂದರೆ ಗ್ಯಾಂಪ್ ಎಂಬ ಮಾತೇ ಹುಟ್ಟಿತು. ಹಗಲು ಒಂದು ಮನೆ, ರಾತ್ರಿ ಒಂದು ಮನೆ ಅಂತ ದುಡಿಯುವ ಹೆಂಗಸಿಗೆ ನಿದ್ದೆ ಯಾವಾಗ ಎಂದು ಯಾರೂ ಕೇಳಲಿಲ್ಲ.

ಬದಲಾವಣೆ ಬಂದದ್ದು 1859ರಲ್ಲಿ. ಲಿವರ್‌ಪೂಲ್ ನಗರದಲ್ಲಿ ವಿಲಿಯಂ ರಾತ್‌ಬೋನ್ ಎಂಬ ಶ್ರೀಮಂತ ವರ್ತಕ ಇದ್ದ. ಅವನ ಹೆಂಡತಿ ಕಾಯಿಲೆ ಬಿದ್ದಾಗ ಮೇರಿ ರಾಬಿನ್ಸನ್ ಎಂಬ ನರ್ಸನ್ನು ಸಂಬಳ ಕೊಟ್ಟು ಮನೆಗೆ ಕರೆಸಿದ. ಹೆಂಡತಿ ಉಳಿಯಲಿಲ್ಲ. ಆದರೆ ಕೊನೆಯ ದಿನಗಳಲ್ಲಿ ಆ ನರ್ಸಿನಿಂದ ಸಿಕ್ಕಿದ ನೆಮ್ಮದಿಯನ್ನು ಆತ ಮರೆಯಲಿಲ್ಲ. ಎಲ್ಲ ಅನುಕೂಲ ಇದ್ದ ತನ್ನ ಮನೆಯಲ್ಲೇ ಇಷ್ಟು ಕಷ್ಟವಾದರೆ ಒಂದೇ ಕೋಣೆಯಲ್ಲಿ ಬದುಕುವ ಬಡವರ ಮನೆಯಲ್ಲಿ ಹೇಗಿರಬೇಡ? ಅದೇ ಮೇರಿ ರಾಬಿನ್ಸನ್ನಳಿಗೆ ತಾನೇ ಸಂಬಳ ಕೊಟ್ಟು ಮೂರು ತಿಂಗಳ ಮಟ್ಟಿಗೆ ಬಡವರ ಮನೆಗಳಿಗೆ ಕಳಿಸಿದ.

ಒಂದು ತಿಂಗಳಾಗುವಷ್ಟರಲ್ಲಿ ಅವಳು ವಾಪಸ್ಸು ಬಂದು "ನನ್ನಿಂದ ಆಗದು, ಬಿಟ್ಟುಬಿಡಿ" ಅಂದಳಂತೆ. ಕಂಡ ದಾರಿದ್ರ್ಯ ಅಷ್ಟು ಭಯಂಕರವಾಗಿತ್ತು. ರಾತ್‌ಬೋನ್ ಸಮಾಧಾನ ಹೇಳಿ ಒಪ್ಪಿಸಿದ. ಮೂರು ತಿಂಗಳು ಮುಗಿದಾಗ ಅವಳೇ ಈ ಕೆಲಸ ಮುಂದುವರಿಸುತ್ತೇನೆ ಅಂದಳು. ಹೆಚ್ಚು ನರ್ಸುಗಳು ಬೇಕೆಂದು ರಾತ್‌ಬೋನ್ ಫ್ಲಾರೆನ್ಸ್ ನೈಟಿಂಗೇಲ್‌ಗೆ ಪತ್ರ ಬರೆದ. ತರಬೇತಾದ ನರ್ಸುಗಳು ಇಲ್ಲ, ನೀವೇ ಲಿವರ್‌ಪೂಲಿನಲ್ಲಿ ತರಬೇತಿ ಶಾಲೆ ತೆರೆಯಿರಿ ಎಂಬುದು ಆಕೆಯ ಸಲಹೆ. ಶಾಲೆ ಬಂತು, ನಗರವನ್ನು 18 ಜಿಲ್ಲೆಗಳಾಗಿ ಹಂಚಿ ಪ್ರತಿ ಜಿಲ್ಲೆಗೂ ನರ್ಸ್ ಇಟ್ಟರು. ಇದನ್ನೇ ಡಿಸ್ಟ್ರಿಕ್ಟ್ ನರ್ಸಿಂಗ್ ಎನ್ನುತ್ತಾರೆ. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವಕ್ಕೆ ಹೆಂಗಸರು ಸೇರಿಸಿದ ಕಾಣಿಕೆಯಿಂದ 70,000 ಪೌಂಡನ್ನು ರಾಣಿ ಈ ಕೆಲಸಕ್ಕೇ ಕೊಟ್ಟಳು.

ಇಲ್ಲಿ ಒಂದು ಸೂಕ್ಷ್ಮ ಇದೆ. ರಾತ್‌ಬೋನ್ ತನ್ನ ಮನೆಯಲ್ಲಿ ಇಟ್ಟುಕೊಂಡ ನರ್ಸ್ ಅಲ್ಲೇ ಇದ್ದು ನೋಡಿಕೊಳ್ಳುವವಳು. ಬಡವರಿಗೆ ಸಿಕ್ಕಿದ್ದು ಬಂದು ಹೋಗುವ ನರ್ಸ್. ಸಂಬಳವನ್ನು ರೋಗಿಯೇ ಕೊಟ್ಟರೆ ನರ್ಸ್ ಮನೆಯಲ್ಲಿ ಉಳಿಯುತ್ತಾಳೆ. ಊರು ಕೊಟ್ಟರೆ ಬಂದು, ಗಾಯ ತೊಳೆದು, ಮುಂದಿನ ಮನೆಗೆ ಹೋಗುತ್ತಾಳೆ. ಅವಳು ಹೋದ ಮೇಲಿನ ರಾತ್ರಿ ಯಾರ ಪಾಲಿಗೆ? 1859ರಿಂದ ಇವತ್ತಿನವರೆಗೆ ಈ ಗೆರೆ ಅಳಿದಿಲ್ಲ. ನಮ್ಮ ಪಂಚಾಯತಿನ ಕತೆಗೆ ಬರುವಾಗ ಇದನ್ನು ನೆನಪಿಡಿ.

ಅಮೇರಿಕದಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಅಲ್ಲಿಯ ಆಸ್ಪತ್ರೆಗಳು ನರ್ಸಿಂಗ್ ಶಾಲೆ ತೆರೆದು ವಿದ್ಯಾರ್ಥಿನಿಯರಿಂದಲೇ ವಾರ್ಡುಗಳ ಕೆಲಸ ಮಾಡಿಸಿಕೊಂಡವು. ಪಾಸಾದವರಿಗೆ ಆಸ್ಪತ್ರೆಯಲ್ಲಿ ಹುದ್ದೆ ಇಲ್ಲ! ಹಾಗಾಗಿ 1920ರ ದಶಕದವರೆಗೂ ಪಾಸಾದ ನರ್ಸುಗಳಲ್ಲಿ ಹೆಚ್ಚಿನವರು ಖಾಸಗಿ ಮನೆಗಳಲ್ಲೇ ದುಡಿದರು. ಊರಿನ ರಿಜಿಸ್ಟ್ರಿಯಲ್ಲಿ ಹೆಸರು ಬರೆಸಿ ಕರೆಗಾಗಿ ಕಾಯಬೇಕು. ಕೆಲವು ರಿಜಿಸ್ಟ್ರಿಗಳನ್ನು ನರ್ಸುಗಳ ಸಂಘಗಳೇ ನಡೆಸುತ್ತಿದ್ದವು, ಕೆಲವು ಕಮಿಷನ್ ಏಜೆನ್ಸಿಗಳು. ಕರೆ ಬಂದರೆ ರೋಗಿಯ ಕೋಣೆಯಲ್ಲೇ ಒಂದು ಮಂಚ ಹಾಕಿಕೊಂಡು ಹಗಲು ರಾತ್ರಿ ಅಲ್ಲೇ. ನಿಧಾನವಾಗಿ ಅದು 12 ಗಂಟೆಗೆ ಇಳಿಯಿತು. 1929ರ ಆರ್ಥಿಕ ಕುಸಿತ ಬಂದಾಗ ಕುಟುಂಬಗಳ ಕೈ ಖಾಲಿ, ನರ್ಸುಗಳು ಕೆಲಸವಿಲ್ಲದೆ ಮನೆಯಲ್ಲಿ. ಆಗ ನರ್ಸುಗಳ ಸಂಘಟನೆಗಳು ಒಬ್ಬಳ ಕೆಲಸವನ್ನು ಹೆಚ್ಚು ಜನ ಹಂಚಿಕೊಳ್ಳೋಣ, ದಿನಕ್ಕೆ 8 ಗಂಟೆ ಸಾಕು ಎಂದು ಹೋರಾಡಿದವು. ಅಷ್ಟರಲ್ಲಿ ಆಸ್ಪತ್ರೆಗಳೇ ಪಾಸಾದವರನ್ನು ನೇಮಿಸತೊಡಗಿದ್ದರಿಂದ ಮನೆ ಕೆಲಸ ಹಿಂದೆ ಬಿತ್ತು.

ಈ 8 ಗಂಟೆಯ ಲೆಕ್ಕವನ್ನು ಏಳನೇ ಕ್ಲಾಸಿನ ಮಕ್ಕಳಿಗೆ ಕೊಡಬಹುದು. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ ಹಾಸಿಗೆ ಹಿಡಿದ ಒಬ್ಬ ರೋಗಿಗೆ ಎಷ್ಟು ಜನ ಬೇಕು? ಉತ್ತರ ಮೂರೂವರೆ. ನಾವು ಇಟ್ಟುಕೊಳ್ಳುವುದು ಒಬ್ಬಳನ್ನು. ಉಳಿದ ಎರಡೂವರೆ ಜನರ ದುಡಿಮೆ ಎಲ್ಲಿಂದ ಬರುತ್ತದೆ ಎಂಬುದು ಲೆಕ್ಕದ ಪುಸ್ತಕದ ಹೊರಗಿನ ಪ್ರಶ್ನೆ.

ಇನ್ನು ಭಾರತ. ಬ್ರಿಟಿಷರ ಕಾಲದಲ್ಲಿ ಮನೆಗೆ ತರಬೇತಾದ ನರ್ಸ್ ಬರುವುದು ಎಂದರೆ ಅದು ಬಂಗಲೆಯ ಮಾತು. 1892ರಲ್ಲಿ ಭಾರತದಲ್ಲಿರುವ ಯುರೋಪಿಯನ್ನರಿಗಾಗಿ ಅಪ್ ಕಂಟ್ರಿ ನರ್ಸಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು. 1906ರಲ್ಲಿ ವೈಸರಾಯರ ಪತ್ನಿ ಲೇಡಿ ಮಿಂಟೋ ಹೆಸರಿನಲ್ಲಿ ಅದು ದೊಡ್ಡದಾಯಿತು. ಚಂದಾ ಕೊಟ್ಟ ದೊರೆಗಳ ಮನೆಗೆ ಇಂಗ್ಲೆಂಡಿನಿಂದ ಬಂದ ನರ್ಸ್. ನೋಡಿದರೆ ಇದು ಒಳ್ಳೆಯ ಉಪಾಯವೇ: ಆರೋಗ್ಯವಾಗಿರುವಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕೊಡುವುದು, ಕಾಯಿಲೆ ಬಿದ್ದವನಿಗೆ ನರ್ಸ್ ಹೋಗುವುದು. ಆದರೆ ಬಂಗಲೆಯ ಗೇಟಿನ ಆಚೆಗೆ ಅದು ಬರಲಿಲ್ಲ.

ಗೇಟಿನ ಆಚೆ ಇದ್ದವರ ಸ್ಥಿತಿ 1946ರ ಭೋರ್ ಸಮಿತಿ ವರದಿಯಲ್ಲಿದೆ. 43,000 ಜನರಿಗೆ ಒಬ್ಬ ನರ್ಸ್. ಇದ್ದ ಕೆಲವರೂ ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ. ನಮ್ಮ ಕರಾವಳಿಯಲ್ಲಿ ಮಿಷನ್ನಿನವರ ಕೆಲಸ ನಡೆದಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಔಷಧ ಕೊಡಲು ಆರಂಭಿಸಿದ್ದರು, ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು ಮಕ್ಕಳಿಗಾಗಿ ಆಸ್ಪತ್ರೆ ತೆರೆದರು. ಇತ್ತ ತಿರುವಾಂಕೂರಿಗೆ 1906ರಲ್ಲಿ ಸ್ವಿಸ್ ಕ್ರೈಸ್ತ ಸನ್ಯಾಸಿನಿಯರು ಬಂದು ಆಸ್ಪತ್ರೆ ಶುಶ್ರೂಷೆಗೆ ನಿಂತರು. ಮಲಯಾಳಿ ಹುಡುಗಿಯರು ನರ್ಸಿಂಗಿಗೆ ಹೋಗಲು ಆರಂಭಿಸಿದ್ದು ಇಂಥ ಕಡೆಗಳಿಂದ. 1960ರ ದಶಕದಲ್ಲಿ ಜರ್ಮನಿ, 1970ರ ದಶಕದಿಂದ ಗಲ್ಫ್. ಜಗತ್ತಿನ ಆಸ್ಪತ್ರೆಗಳಿಗೆಲ್ಲ ಕೇರಳ ನರ್ಸುಗಳನ್ನು ಕಳಿಸಿತು.

ಕಳಿಸಿದ ಊರಿನಲ್ಲಿ ಏನಾಯಿತು? ಮಕ್ಕಳು ಹೊರದೇಶದಲ್ಲಿ, ತಂದೆತಾಯಿ ಮನೆಯಲ್ಲಿ. 2011ರ ಜನಗಣತಿಯಲ್ಲಿ ಕೇರಳದ ನೂರರಲ್ಲಿ 12.6 ಮಂದಿ 60 ದಾಟಿದವರು. ಇಡೀ ದೇಶದಲ್ಲಿ 8.6. ಈ ಮನೆಗಳನ್ನು ತುಂಬಲು ಹುಟ್ಟಿಕೊಂಡದ್ದೇ ಹೋಂ ನರ್ಸ್ ಏಜೆನ್ಸಿ. ಪೇಟೆಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಫೋನು, ಪತ್ರಿಕೆಯಲ್ಲಿ ಎರಡು ಸಾಲಿನ ಜಾಹೀರಾತು. ಮನೆಯವರು ನೋಂದಣಿ ಹಣ ಕಟ್ಟಬೇಕು. ಬರುವವಳ ತಿಂಗಳ ಸಂಬಳದಲ್ಲಿ ಏಜೆನ್ಸಿಗೆ ಪಾಲು. ಅವಳು ಬಿಟ್ಟುಹೋದರೆ ಬದಲಿ ಜನ ಕೊಡುತ್ತೇವೆ ಎಂಬ ಮಾತು, ಯಾವಾಗ ಎಂಬುದು ಅವರ ಅನುಕೂಲ.

ಹೆಸರು ನರ್ಸ್, ಆದರೆ ಹೆಚ್ಚಿನವರು ನರ್ಸುಗಳಲ್ಲ. ಕಾನೂನಿನಲ್ಲಿ ನರ್ಸ್ ಎಂದರೆ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರು. ಎ.ಎನ್.ಎಂ.ಗೆ ಎರಡು ವರ್ಷದ ಓದು, ಬಿ.ಎಸ್ಸಿ. ನರ್ಸಿಂಗಿಗೆ ನಾಲ್ಕು ವರ್ಷ. 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಸಂಸತ್ತು ಹೊಸ ಆಯೋಗದ ಕಾಯ್ದೆ ಮಾಡಿತು. ನಮ್ಮ ಮನೆಗಳಿಗೆ ಬರುವ ಹೆಂಗಸು ಎರಡರಲ್ಲೂ ಇಲ್ಲ. ಗಂಡ ತೀರಿಹೋದವರು, ಸಾಲ ಇರುವವರು, ಮಗಳ ಮದುವೆಗೆ ಕೂಡಿಡುವವರು. ರೋಗಿಯನ್ನು ಮಗ್ಗುಲು ಬದಲಿಸುವುದು, ಕೊಳವೆಯಲ್ಲಿ ಗಂಜಿ ಕೊಡುವುದು, ಮೂತ್ರದ ಚೀಲ ಖಾಲಿ ಮಾಡುವುದು ಮೊದಲಾದುವನ್ನು ಕೆಲಸ ಮಾಡುತ್ತಾ ಕಲಿತವರು. ಅವರಲ್ಲಿ ಕೆಲವರ ಕೈಗುಣ ಕಂಡರೆ ಚರಕ ತಲೆದೂಗುತ್ತಿದ್ದ. ಅದು ಬೇರೆ ಮಾತು.

ಕೇರಳದಲ್ಲಿ 2011-12ರಲ್ಲಿ ಖಾಸಗಿ ಆಸ್ಪತ್ರೆ ನರ್ಸುಗಳ ದೊಡ್ಡ ಮುಷ್ಕರಗಳು ನಡೆದವು. ಕೊನೆಗೆ 2018ರ ಏಪ್ರಿಲಿನಲ್ಲಿ ಸರಕಾರ ತಿಂಗಳಿಗೆ 20,000 ರೂಪಾಯಿ ಕನಿಷ್ಠ ವೇತನ ಗೊತ್ತುಪಡಿಸಿತು. ಅದು ಆಸ್ಪತ್ರೆಯ ನರ್ಸಿಗೆ. ಮನೆಯೊಳಗೆ ದುಡಿಯುವವಳು ಆ ಪಟ್ಟಿಗೂ ಸೇರುವುದಿಲ್ಲ. ಅವಳನ್ನು ಮನೆಕೆಲಸದವರ ಸಾಲಿನಲ್ಲಿ ಎಣಿಸಬೇಕು. ಕರ್ನಾಟಕ ಮನೆಕೆಲಸದವರಿಗೆ 2004ರಲ್ಲೇ ಕನಿಷ್ಠ ಕೂಲಿ ಪ್ರಕಟಿಸಿತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಕೆಲಸದವರ ಬಗ್ಗೆ 189ನೇ ಒಡಂಬಡಿಕೆ ತಂದಿತು, ಭಾರತ ಅದನ್ನು ಅನುಮೋದಿಸಲಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮಾತ್ರ ವಾಸದ ಮನೆಯನ್ನೂ ಕೆಲಸದ ಸ್ಥಳ ಎಂದು ಒಪ್ಪಿಕೊಂಡಿತು. 2025ರ ಜನವರಿ 29ರಂದು ಸುಪ್ರೀಂ ಕೋರ್ಟು ಮನೆಕೆಲಸದವರಿಗಾಗಿ ಪ್ರತ್ಯೇಕ ಕಾನೂನು ಬೇಕೇ ಎಂದು ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಹೀಗೆ ಕಾನೂನು ಮನೆಯ ಅಂಗಳದವರೆಗೆ ಬಂದು ನಿಂತಿದೆ.

ಮನೆಯವರ ಕಡೆಯಿಂದಲೂ ನೋಡಬೇಕಲ್ಲ? ಅವರೇನು ಒಡೆಯರೇ? ಹೆಚ್ಚಿನವರು ನಮ್ಮ ಹಾಗೆ ಸಂಬಳದ ಮೇಲೆ, ಇಲ್ಲವೇ ಒಂದೆರಡು ಎಕರೆ ಅಡಿಕೆಯ ಮೇಲೆ ಬದುಕುವವರು. 1986ರಲ್ಲಿ ಮೆಡಿಕ್ಲೈಂ ಬಂದಾಗಿನಿಂದ ವಿಮೆ ಎಂದರೆ ಆಸ್ಪತ್ರೆಯ ಹಾಸಿಗೆಗೆ. ನಮ್ಮ ಶಿಕ್ಷಕರಿಗೂ ಪಿಂಚಣಿದಾರರಿಗೂ 2022ರ ಜುಲೈಯಲ್ಲಿ ಬಂದ ಮೆಡಿಸೆಪ್ ಹಾಗೆಯೇ. 2024ರಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತ್ ಸಹ ಹಾಗೆಯೇ. ಆಸ್ಪತ್ರೆಯಲ್ಲಿ ಐದು ದಿನ ಮಲಗಿದರೆ ಲಕ್ಷ ರೂಪಾಯಿ ಸಿಗಬಹುದು, ಮನೆಯಲ್ಲಿ ಐದು ವರ್ಷ ಮಲಗಿದರೆ ಏನೂ ಇಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಮಕ್ಕಳೇ ತಂದೆತಾಯಿಯನ್ನು ಪೋಷಿಸಬೇಕು ಅನ್ನುತ್ತದೆ. ಸರಿ, ಪೋಷಿಸಬೇಕು. ಅಂಥ ಮಕ್ಕಳ ಕೈ ಬಲಪಡಿಸುವ ಮಾತು ಅದರಲ್ಲಿ ಕಡಿಮೆ.

ಜರ್ಮನಿ 1995ರಿಂದ, ಜಪಾನ್ 2000ದಿಂದ ಇದಕ್ಕೆಂದೇ ಕಡ್ಡಾಯ ಆರೈಕೆ ವಿಮೆ ನಡೆಸಿಕೊಂಡು ಬಂದಿವೆ. ಜರ್ಮನಿಯಲ್ಲಿ ಮನೆಯವರೇ ನೋಡಿಕೊಳ್ಳುವುದಾದರೆ ಅವರಿಗೂ ಹಣ. 2021ರ ಡಿಸೆಂಬರಿನಲ್ಲಿ ಕೇರಳದ ನೋರ್ಕಾ ರೂಟ್ಸ್ ಜರ್ಮನಿಯೊಂದಿಗೆ ಟ್ರಿಪಲ್ ವಿನ್ ಒಪ್ಪಂದ ಮಾಡಿಕೊಂಡು ಅಲ್ಲಿಗೆ ನರ್ಸುಗಳನ್ನು ಕಳಿಸತೊಡಗಿತು. ನಮ್ಮ ಹುಡುಗಿಯರು ಅಲ್ಲಿಯ ಅಜ್ಜಂದಿರನ್ನು ನೋಡಿಕೊಳ್ಳಲು ಜರ್ಮನ್ ಕಲಿಯುತ್ತಾರೆ. ಅವರ ಸ್ವಂತ ಅಜ್ಜ ಇಲ್ಲಿ ಏಜೆನ್ಸಿಯ ಫೋನಿಗೆ ಕಾಯುತ್ತಾರೆ!

ಹಾಗಂತ ಕೇರಳ ಏನೂ ಮಾಡಲಿಲ್ಲ ಎಂದಲ್ಲ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಪೈನ್ ಆ್ಯಂಡ್ ಪಾಲಿಯೇಟಿವ್ ಕೇರ್ ಸೊಸೈಟಿ ಆರಂಭಿಸಿದರು. ಕ್ಯಾನ್ಸರ್ ರೋಗಿಗಳ ನೋವು ಇಳಿಸುವುದು ಮೊದಲ ಉದ್ದೇಶ. ಸ್ವಲ್ಪದರಲ್ಲೇ ಅವರಿಗೆ ಗೊತ್ತಾಯಿತು, ನೋವಿನ ರೋಗಿ ಆಸ್ಪತ್ರೆಗೆ ಬರಲಾರ, ಆಸ್ಪತ್ರೆಯೇ ಮನೆಗೆ ಹೋಗಬೇಕು. 2000ದ ಹೊತ್ತಿಗೆ ಮಲಪ್ಪುರಂ ಕಡೆ ಊರವರೇ ಸೇರಿ ನೆರೆಕರೆಯ ಜಾಲ ಕಟ್ಟಿದರು. ವಾರಕ್ಕೆ ಒಂದೆರಡು ಗಂಟೆ ಕೊಡುವ ಸ್ವಯಂಸೇವಕರು, ಅಂಗಡಿಗಳಲ್ಲಿ ಡಬ್ಬಿ, ಶಾಲಾಮಕ್ಕಳ ಚಿಲ್ಲರೆ ಹಣ, ಆ ಹಣದಿಂದ ನರ್ಸಿಗೆ ಸಂಬಳ. ಮೂರು ತಿಂಗಳ ವಿಶೇಷ ತರಬೇತಿ ಪಡೆದ ಸಹಾಯಕ ನರ್ಸುಗಳೂ ಬಂದರು. 2008ರ ಏಪ್ರಿಲಿನಲ್ಲಿ ರಾಜ್ಯ ಸರಕಾರ ಸಾಂತ್ವನ ಆರೈಕೆಯ ನೀತಿ ಪ್ರಕಟಿಸಿತು. ಅದರ ನಂತರ ಪಂಚಾಯತುಗಳು ತಮ್ಮ ಯೋಜನಾ ಹಣದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ನರ್ಸ್ ಇಟ್ಟು ಮನೆಮನೆಗೆ ಕಳಿಸತೊಡಗಿದವು.

ರಾತ್‌ಬೋನನ ಲಿವರ್‌ಪೂಲ್ ಇಲ್ಲಿ ಮತ್ತೆ ಹುಟ್ಟಿದ ಹಾಗಾಯಿತು. ಇಲ್ಲಿ ಹಣ ಒಬ್ಬ ವರ್ತಕನದ್ದಲ್ಲ, ಪಂಚಾಯತಿನದ್ದು. ಜೀಪಿನಲ್ಲಿ ಬರುವ ಆ ನರ್ಸ್ ಕೊಳವೆ ಬದಲಿಸಿ, ಬೆನ್ನಿನ ಹುಣ್ಣು ತೊಳೆದು, ಮನೆಯವರಿಗೆ ಹೇಗೆ ತಿರುಗಿಸಿ ಮಲಗಿಸಬೇಕು ಎಂದು ತೋರಿಸಿ ಹೋಗುತ್ತಾಳೆ. ಒಂದು ಪೈಸೆ ಕೊಡಬೇಕಾಗಿಲ್ಲ. ಗಡಿಯ ಆ ಕಡೆ ಇರುವ ನಮ್ಮ ನೆಂಟರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಆದರೆ ಒಂದು ಪಂಚಾಯತಿಗೆ ಮನೆಗಳು ಎಷ್ಟು, ದಿನಗಳು ಎಷ್ಟು? ತಿಂಗಳಿಗೆ ಒಂದೆರಡು ಸಲ ಬರುವಷ್ಟರಲ್ಲಿ ಅವಳಿಗೆ ಸಾಕಾಗಿರುತ್ತದೆ. ಮಿಕ್ಕ ಗಂಟೆಗಳು ಮನೆಯ ಹೆಂಗಸರವು.

ಈ ಮಿಕ್ಕ ಗಂಟೆಗಳ ಭಾರ ಎಷ್ಟೆಂದು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಎಣ್ಮಕಜೆ, ಪಡ್ರೆ ಎಂದರೆ ಸಾಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಸುಮಾರು ಎರಡು ದಶಕ, 2000ದವರೆಗೆ. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ರೋಗಗಳ ವಿಚಿತ್ರವನ್ನು ಗುರುತಿಸಿದರು, ಪತ್ರಕರ್ತ ಶ್ರೀಪಡ್ರೆಯವರು ಲೋಕಕ್ಕೆ ತಿಳಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷವನ್ನು ನಿಷೇಧಿಸಿತು. ಈ ಭಾಗವೆಲ್ಲ ನಮ್ಮ ಮಕ್ಕಳಿಗೂ ಗೊತ್ತು. ಇಲ್ಲಿ ಹೇಳಬೇಕಾದ್ದು ದುಡ್ಡಿನ ಸ್ವರೂಪ.

ರಾಷ್ಟ್ರೀಯ ಮಾನವ ಹಕ್ಕು ಆಯೋಗ 2010ರ ಡಿಸೆಂಬರ್ 31ರಂದು ಹಾಸಿಗೆ ಹಿಡಿದವರಿಗೆ 5 ಲಕ್ಷ ರೂಪಾಯಿ ಕೊಡಿ ಎಂದಿತು. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ಕೊಡಿ ಎಂದಿತು. 2022ರ ಮೇಯಲ್ಲಿ ಕೋರ್ಟಿನ ಮುಂದೆ ಬಂದ ಲೆಕ್ಕದಲ್ಲಿ 3,704 ಸಂತ್ರಸ್ತರು, ಅವರಲ್ಲಿ ಪೂರ್ತಿ ಹಾಸಿಗೆ ಹಿಡಿದವರು 102. ಅಷ್ಟು ವರ್ಷವಾದರೂ ಕೋರ್ಟಿನ ಬಾಗಿಲು ತಟ್ಟಿದ ಕೆಲವರಿಗೆ ಮಾತ್ರ ಹಣ ಸಿಕ್ಕಿತ್ತು. ಅದೇ ವರ್ಷ ಆಗಸ್ಟಿನಲ್ಲಿ, ಜಿಲ್ಲೆಯ ವೈದ್ಯಕೀಯ ಮತ್ತು ಸಾಂತ್ವನ ಆರೈಕೆಯ ಸೌಲಭ್ಯಗಳನ್ನು ನೋಡಿ ವರದಿ ಕೊಡುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೋರ್ಟು ಹೇಳಿತು.

ಪರಿಹಾರ ಎಂಬುದು ಒಂದು ಸಲ ಬರುವ ಮೊತ್ತ. ಆರೈಕೆ ಹಾಗಲ್ಲ. ಮೂವತ್ತು ವರ್ಷದ ಮಗನನ್ನು ಎತ್ತಿ ಕುಳ್ಳಿರಿಸುವ ತಾಯಿಗೆ ವಯಸ್ಸು ಅರವತ್ತಾಗಿರುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಸಾಮಾಜಿಕ ಸುರಕ್ಷಾ ಮಿಷನ್ನಿನ ಆಶ್ವಾಸಕಿರಣಂ ಎಂಬ ಯೋಜನೆ ಬಂತು, ತಿಂಗಳಿಗೆ 600 ರೂಪಾಯಿ. ಕೊಡುವವರ ಮನಸ್ಸು ಒಳ್ಳೆಯದೇ, ನೋಡಿಕೊಳ್ಳುವವರನ್ನು ಸರಕಾರವೊಂದು ಹೆಸರಿಸಿ ಗುರುತಿಸಿದ್ದೇ ದೊಡ್ಡದು. ಆದರೆ ಲೆಕ್ಕ ಹಾಕಿ. ದಿನಕ್ಕೆ 20 ರೂಪಾಯಿ. ಮೂರೂವರೆ ಜನರ ಕೆಲಸಕ್ಕೆ! 2022ರ ಅಕ್ಟೋಬರಿನಲ್ಲಿ ದಯಾಬಾಯಿಯವರು ತಿರುವನಂತಪುರದಲ್ಲಿ ಉಪವಾಸ ಕುಳಿತಾಗ ಕೇಳಿದ ಬೇಡಿಕೆಗಳಲ್ಲಿ ಸಂತ್ರಸ್ತರಿಗೆ ಪಂಚಾಯತುಗಳಲ್ಲಿ ಹಗಲು ಆರೈಕೆ ಕೇಂದ್ರ ಬೇಕು ಎಂಬುದೂ ಒಂದು. ಆಸ್ಪತ್ರೆಯಷ್ಟೇ ಮುಖ್ಯವಾಗಿ ಅವರು ಕೇಳಿದ್ದು ತಾಯಿಗೆ ಹಗಲಿನಲ್ಲಿ ಕೆಲವು ಗಂಟೆ.

ಗಡಿಯ ಊರಿಗೆ ಇನ್ನೊಂದು ತೊಂದರೆ ಇದೆ. ನಮ್ಮ ಮನೆ ಈ ಕಡೆ, ಆಸ್ಪತ್ರೆ ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದಾಗ ದಾರಿಯಲ್ಲೇ ಉಳಿದ ರೋಗಿಗಳ ಸುದ್ದಿ ನಾವು ದಿನವೂ ಕೇಳಿದೆವು. ಆ ವಾರಗಳಲ್ಲಿ ಮನೆಯೇ ಆಸ್ಪತ್ರೆಯಾಯಿತು. ಬಸ್ಸು ರೈಲು ಇಲ್ಲದ್ದರಿಂದ ಹೋಂ ನರ್ಸ್ ಬರುವಂತಿಲ್ಲ, ಬಂದವರು ಹೋಗುವಂತಿಲ್ಲ.

ಮತ್ತೆ ಭಾಷೆ. ಏಜೆನ್ಸಿಯಿಂದ ಬರುವ ಹೆಂಗಸರಲ್ಲಿ ಬಹಳ ಮಂದಿ ದಕ್ಷಿಣದ ಜಿಲ್ಲೆಗಳವರು, ಮಾತು ಮಲಯಾಳಂ. ಹಾಸಿಗೆಯಲ್ಲಿರುವ ಅಜ್ಜಿಗೆ ಗೊತ್ತಿರುವುದು ತುಳು, ಹವ್ಯಕ, ಮರಾಠಿ, ಕೊಂಕಣಿ, ಹೆಚ್ಚೆಂದರೆ ಶಾಲೆಯ ಕನ್ನಡ. ಚರಕನ ರೋಗಿ ತನ್ನ ನೋವನ್ನು ಬಿಡಿಸಿ ಹೇಳಬೇಕಲ್ಲ, ಯಾವ ಭಾಷೆಯಲ್ಲಿ? ಬಾಯಾರಿಕೆ, ಉರಿ, ಸೆಳೆತ, ಮರಗಟ್ಟುವುದು, ಇವೆಲ್ಲ ಕಲಿತ ಭಾಷೆಯಲ್ಲಿ ಬರುವ ಮಾತುಗಳಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ರೋಗಿಯ ಮಂಚದ ಹತ್ತಿರ ಆ ಕಾಯ್ದೆ ಬರುವುದಿಲ್ಲ. ಅಲ್ಲಿ ದುಭಾಷಿಯಾಗುವುದು ಎರಡೂ ಭಾಷೆ ಬಲ್ಲ ಮೊಮ್ಮಕ್ಕಳು. ಸಾಂತ್ವನ ನರ್ಸ್ ಬರುವ ದಿನ ಹಾಜರಿ ಪುಸ್ತಕದಲ್ಲಿ ಒಂದು ಎ ಬಿದ್ದರೆ ಕಾರಣ ಕೇಳುವ ಮುಂಚೆ ನಮಗೆ ಗೊತ್ತಾಗುತ್ತದೆ.

ಹೋಂ ನರ್ಸ್ ಇಟ್ಟುಕೊಳ್ಳುವ ಮನೆಯವರು ಒಂದು ಹಾಳೆ ಬರೆದಿಡುವುದು ಒಳ್ಳೆಯದು. ತಿಂಗಳ ಸಂಬಳ ಎಷ್ಟು, ಅದರಲ್ಲಿ ಏಜೆನ್ಸಿಗೆ ಎಷ್ಟು, ವಾರದ ರಜೆ ಯಾವತ್ತು, ರಾತ್ರಿ ಎಷ್ಟು ಗಂಟೆ ನಿದ್ದೆ, ಅವಳು ಮಲಗಿದಾಗ ರೋಗಿಯನ್ನು ನೋಡುವವರು ಯಾರು. ಅಡಿಗೆ, ಬಟ್ಟೆ, ಹಟ್ಟಿ ಕೆಲಸ ಅವಳದ್ದಲ್ಲ ಎಂಬುದನ್ನೂ ಬರೆಯಿರಿ. ಕನ್ನಡದಲ್ಲೂ ಮಲಯಾಳಂನಲ್ಲೂ ಬರೆದು, ಒಂದು ಪ್ರತಿ ಅವಳ ಕೈಗೆ ಕೊಡಿ. ಎರಡೂ ಭಾಷೆ ಬರೆಯಬಲ್ಲವರು ನಮ್ಮ ಪ್ರತಿ ಕ್ಲಾಸಿನಲ್ಲಿ ಇದ್ದಾರೆ.